ಪೋಕರ್, ಒಂದು

ಐಟಿಐಯವರು ಕೊಟ್ಟ ಪಟ್ಟಿಯಲ್ಲಿ ಹತ್ತೊಂಬತ್ತು ಸಾಲು.
ಹನ್ನೊಂದನೆಯದು: ಪೋಕರ್, ಒಂದು.
ಯಾಕೆ ನಗುತ್ತೀ ಅಂದರು ಮೇಷ್ಟ್ರು. ಹೇಳಲಿಲ್ಲ.
ನೆಲ್ಯಹುದಿಕೇರಿಯಲ್ಲಿ ನನಗೆ ಕೆಲಸ ಕಲಿಸುವವರ ಹೆಸರೇ ಅದು.
ನಾನು ಪೋಕರಿಕ್ಕ ಅನ್ನುತ್ತೇನೆ; ಬಸ್‌ಸ್ಟ್ಯಾಂಡಿನ ಹುಡುಗರು
ಬಾಲ ಕತ್ತರಿಸಿ ಪೋಕರಿ ಅನ್ನುತ್ತಾರೆ.
ಅವರು ನನ್ನನ್ನು ಕರೆಯುವುದು ಮೋಳೇ ಅಂತ,
ಅವರ ಮನೆಮಾತಿನಲ್ಲಿ ಮಗಳೇ.
ಕೇಳಿದವರ ಕಿವಿಗೆ ಮೊಳೆ.
ಅಂತೂ ಇಬ್ಬರೂ ಪೆಟ್ಟಿಗೆಯೊಳಗಿನವರೇ.

ಹೊಸದಕ್ಕೆ ದುಡ್ಡಿಲ್ಲ. ಸಿದ್ದಾಪುರದ ಭಾನುವಾರದ ಸಂತೆ.
ಒಣಮೀನಿನ ಸಾಲು ಮುಗಿದು ಬಾಳೆಗೊನೆ ಶುರುವಾಗುವಲ್ಲಿ
ಗೋಣಿ ಹಾಸಿ ಗುಜರಿ ಸುರಿದು ಕೂರುತ್ತಾಳೆ ಪೊನ್ನಾಯಿ.
ಬೀಗ ಕಳಕೊಂಡ ಕೀಲಿ, ಪಲ್ಪರಿನ ಹಲ್ಲುಚಕ್ರ,
ಒಂಟಿಗಾಲಿನ ಕನ್ನಡಕ.
ಅವಳಿಗೆ ಎಲ್ಲವೂ ಕಬ್ಬಿಣ, ಕಿಲೋ ಲೆಕ್ಕ.
ಹೆಸರು ಹೇಳಿದೆಯೋ, ಬೆಲೆ ಏರಿತು.
ಬಾಯಿ ಬಿಡದೆ ಒಳಗೇ ಅಂದುಕೊಂಡೆ:
ನೋಸ್ ಪ್ಲೇಯರ್.
ಕನೆಕ್ಟರ್ ಡ್ರೈವರ್, ತುದಿ ಸವೆದಿದೆ, ಅರ ಹಾಕಿದರೆ ಆದೀತು.
ಸುತ್ತಿಗೆಯ ತಲೆ
(ಕಾಫಿ ಗಿಡದ ಹಳೇ ಬೊಡ್ಡೆಯಲ್ಲಿ ಹಿಡಿ ಕೆತ್ತಿದೆ ಆಮೇಲೆ,
ಕಲ್ಲಿನಂಥ ಮರ, ಬೆರಳಿಗೆರಡು ಗುಳ್ಳೆ).

ಅಡಿಯಲ್ಲೊಂದು ಕಟಿಂಗ್ ಪ್ಲೇಯರ್.
ಹಿಡಿಯ ಕೆಂಪು ಕವಚ ಕರಗಿ ಗಂಟುಗಟ್ಟಿದೆ,
ಕಡಿಯುವ ಬಾಯಲ್ಲಿ ಅಕ್ಕಿಕಾಳಿನಷ್ಟು ಗುಂಡಿ.
ಹಾಳು ಅಂತ ಪಕ್ಕಕ್ಕೆ ಎಸೆದೆ.
ಪೋಕರಿಕ್ಕ ಎತ್ತಿ, ಮೂಸಿ, ಬಿಸಿಲಿಗೆ ಹಿಡಿದರು.
"ಯಾರೋ ಫೇಸೂ ನ್ಯೂಟ್ರಲ್ಲೂ ಒಟ್ಟಿಗೇ ಕಡಿದಿದ್ದಾನೆ."
ಸತ್ತನಾ?
"ಸತ್ತವನ ಪ್ಲೇಯರು ಸಂತೆಗೆ ಬರುವುದಿಲ್ಲ, ಮೋಳೇ.
ಹೆಂಡತಿ ಬಾವಿಗೆ ಎಸೆಯುತ್ತಾಳೆ."
ಮೂವತ್ತು ರೂಪಾಯಿ ಕೊಟ್ಟರು, ಚೌಕಾಸಿ ಮಾಡದೆ.
ಆ ಗುಂಡಿ ಈಗ ಒಂದೂವರೆ ಎಂಎಂ ತಂತಿಯ ಸಿಪ್ಪೆ ಸುಲಿಯುತ್ತದೆ,
ತಾಮ್ರಕ್ಕೆ ಒಂದು ಗೀರೂ ತಾಗಿಸದೆ.

ಸೀಮೆಎಣ್ಣೆಯಲ್ಲಿ ನೆನೆಸಿ, ಉಜ್ಜಿ,
ಪ್ಲೈವುಡ್ಡಿನ ಮೇಲೆ ಒಂದೊಂದನ್ನೇ ಮಲಗಿಸಿ
ಸುತ್ತ ಪೆನ್ಸಿಲ್ ಓಡಿಸಿದೆ.
ತೆಗೆದರೆ ನೆರಳು ಉಳಿಯಬೇಕು,
ಯಾವುದು ಮನೆಗೆ ಬಂದಿಲ್ಲ ಅಂತ ಗೋಡೆಯೇ ಕೇಳಬೇಕು.
ಕೈಲ್‌ಪೊಳ್ದಿನ ದಿನ ಎಸ್ಟೇಟಿನ ಕೋವಿಗಳಿಗೆ ಹೂವಿಟ್ಟ ಹಾಗೆ
ನನ್ನ ಟೆಸ್ಟರಿಗೂ ಒಂದು ತೋಕ್‌ಪೂ ಸಿಕ್ಕಿಸಿದೆ.

ಪೋಕರಿಕ್ಕ ನೋಡಿದರು, ಚಂದ ಅಂದರು,
ಎಲ್ಲವನ್ನೂ ಕಿತ್ತು ಚೀಲಕ್ಕೆ ಸುರಿದರು.
"ಕಂಬದ ಮೇಲೆ ಗೋಡೆ ಎಲ್ಲಿದೆ?"
ಲಾರಿ ಟಾರ್ಪಾಲಿನಲ್ಲಿ ಹೊಲಿದ ಏಳು ಜೇಬು.
ಉದ್ದದ ಲೆಕ್ಕವಲ್ಲ, ಪಟ್ಟಿಯ ಸಾಲೂ ಅಲ್ಲ.
ಮೊದಲ ಜೇಬು ಟೆಸ್ಟರಿಗೆ:
ಕರೆಂಟಿಲ್ಲ ಅಂತ ಯಾರೇ ಆಣೆ ಹಾಕಿದರೂ ನಂಬದಿರುವುದಕ್ಕೆ.
"ಕಣ್ಣು ಮುಚ್ಚಿ ತೆಗೆ."
ತೆಗೆದೆ. ತಪ್ಪಿತು.
ವಾರವಿಡೀ, ಚಹಾ ಆರುವವರೆಗೂ ತೆಗೆದೆ.

ಫೆಬ್ರವರಿ. ಕಾಫಿ ಹೂವಿಗೆ ನೀರು ಹಾಯಿಸುವ ಕಾಲ,
ತ್ರೀ ಫೇಸ್ ಬರುವುದು ನಡುರಾತ್ರಿ.
ಕರಡಿಗೋಡಿನ ಹೊಳೆಯಂಚಿನ ಪಂಪ್‌ಹೌಸಿನಲ್ಲಿ
ಸ್ಟಾರ್ಟರ್ ಗುರ್ ಅಂದು ಸುಮ್ಮನಾಗಿದೆ.
ಮೇನ್ ಇಳಿಸಿ ಫ್ಯೂಸು ಮೂರೂ ನನ್ನ ಸೊಂಟಕ್ಕೆ.
ಆಗ ಆಚೆ ಬಿದಿರು ಮುರಿಯಿತು, ಒಂದು, ಇನ್ನೊಂದು.
ಟಾರ್ಚ್ ಆರಿಸು, ಪಿಸುಗುಟ್ಟಿದ ಕಾವಲಿನ ಕುಂಞಪ್ಪ.
ಆರಿಸಿದೆ.
ಪೋಕರಿಕ್ಕ ಏನೂ ಹೇಳಲಿಲ್ಲ,
ಕತ್ತಲೊಳಗೆ ಕೈ ಚಾಚಿದರು ಅಷ್ಟೆ.
ಐದನೇ ಜೇಬು. ಹಿಡಿ ಅವರ ಕಡೆಗೆ,
ಮೊನೆ ನನ್ನ ಕಡೆಗೆ.
ತಿರುಪು ಬಿಗಿಯಾಗುವ ಸದ್ದು.
ಅದಕ್ಕಿಂತ ದೊಡ್ಡದಾಗಿ, ಹೊಳೆಯಾಚೆ, ಆನೆಯ ಉಸಿರು.

ಮಡಿಕೇರಿಯಲ್ಲಿ ತಪಾಸಣೆಯ ದಿನ.
ಮೇಷ್ಟ್ರು ಪಟ್ಟಿ ಹಿಡಿದು ಟಿಕ್ ಹಾಕುತ್ತ ಬಂದರು.
ಹ್ಯಾಕ್ಸಾ? ಇದೆ. ತೂಕದ ಗುಂಡು? ಇದೆ.
ಪೋಕರ್?
ಇದ್ದಾರೆ, ಸಾರ್.
ಬೆಂಚಿಗೆ ಬೆಂಚೇ ನಕ್ಕಿತು.
ಕಿಟಕಿಯಾಚೆ ಬೈಕಿಗೆ ಒರಗಿ,
ಹಚ್ಚದ ಬೀಡಿ ಕಚ್ಚಿಕೊಂಡು ನಿಂತವರು
ಯಾರೋ ಕರೆದರೆಂದು
ತಲೆಯೆತ್ತಿ ನೋಡಿದರು.