ಇಷ್ಟೇ ಜನ

ರಸ್ತೆಯಲ್ಲಿ ಹೋದರೆ ನಡುವೆ ಇನ್ನೊಂದು ದೇಶ,
ಎರಡು ಗೇಟು, ಎರಡು ಬಗೆಯ ಠಸ್ಸೆ,
ನಾಯಿಗೆ ಬೇರೆಯೇ ಕಡತ.
ಅದಕ್ಕೇ ಹಡಗು.
ಶಿನಾಸಿನಿಂದ ಖಸಬಿಗೆ,
ಒಂದೇ ದೇಶದ ಈ ತುಂಡಿನಿಂದ ಆ ತುಂಡಿಗೆ
ಕಡಲು ಬಳಸಿ ಹೋಗುವುದು.

ಕೌಂಟರಿನ ಹುಡುಗಿ ರಾಯಾ ಫಾರಂ ತಿರುಗಿಸಿ ನೋಡಿದಳು.
ಪ್ರಯಾಣಿಕ. ವಾಹನ. ಸರಕು.
ಪೆನ್ನು ಮೂರರ ಮೇಲೂ ತುಸು ಹೊತ್ತು ನಿಂತು
ಕೊನೆಗೆ ಅಂಚಿನಲ್ಲಿ, ಸಣ್ಣ ಅಕ್ಷರದಲ್ಲಿ, ಹೆಸರನ್ನೇ ಬರೆಯಿತು:
ಲಬನ್, ಹದಿನೆಂಟು ಕಿಲೊ.

ಲಬನ್ ಅಂದರೆ ಇವರಲ್ಲಿ ಮಜ್ಜಿಗೆ.
ಐಸ್ ಫ್ಯಾಕ್ಟರಿಯ ಹಿಂದೆ, ಜನವರಿಯ ರಾತ್ರಿ,
ಕಂಪ್ರೆಸರಿನ ಬಿಸಿಗಾಳಿಗೆ ಮೈಯೊಡ್ಡಿ ಬಿದ್ದಿದ್ದ ಬಿಳೀ ಮರಿಗೆ
ವಾಚ್‌ಮನ್ ಖಲ್ಫಾನ್ ಇಟ್ಟ ಹೆಸರು.
ನಾನು ಕನ್ನಡ ಮಾಡಿದೆ.
ಎರಡು ಹೆಸರಿಗೂ ಬಾಲ ಒಂದೇ.

ರೂಮಿನಲ್ಲಿ ಆರು ಜನ. ಭಟ್ಕಳದ ಯಾಕೂಬಣ್ಣ
ಅದು ಮೂಸಿದ ತಟ್ಟೆಯನ್ನು ಏಳು ಸಲ ತೊಳೆಯುವನು,
ಒಂದು ಸಲ ಮಣ್ಣು ಹಾಕಿ, ಗೊಣಗುತ್ತ.
ಆಮೇಲೆ ಬಿರಿಯಾನಿಯ ಎಲುಬನ್ನು
ಬೇರೆ ಡಬ್ಬಿಯಲ್ಲಿ ತೆಗೆದಿಡುವನು.
ಈ ಬೆಳಿಗ್ಗೆ ದೂರದಲ್ಲೇ ನಿಂತು
ಡಬ್ಬಿಯನ್ನು ಕಾಲಿನಿಂದ ನನ್ನತ್ತ ನೂಕಿದ.
"ಐಸ್ ಹಾಕಿದ್ದೇನೆ. ಮಧ್ಯಾಹ್ನದ ತನಕ ಕೆಡೋದಿಲ್ಲ."
ಮತ್ತೆ ನಾಯಿಗೆ ಏನೋ ಅಂದ. ನನಗೆ ಕೇಳಲಿಲ್ಲ.

ಪಂಜರ ಕೆಳಗೆ, ಕಾರುಗಳ ಅಟ್ಟಣೆಯಲ್ಲಿ,
ಈರುಳ್ಳಿ ಲಾರಿಗೂ ಒಂದು ಹಳೇ ಲ್ಯಾಂಡ್‌ಕ್ರೂಸರಿಗೂ ನಡುವೆ.
ನಾವು ಮೇಲೆ. ನಿಯಮ.
ಮೇಲೆ ಎಸಿ, ಟೀವಿಯಲ್ಲಿ ಒಂಟೆಗಳ ಓಟ,
ಕಾಗದದ ಲೋಟದಲ್ಲಿ ಕಡಕ್ ಚಾ.
ಗಾಜಿನಾಚೆ ಸರದಿ ಕಾಯುವ ತೈಲದ ಹಡಗುಗಳು
ಊರಿನ ಹಾಗೆ ನಿಂತಿದ್ದವು, ಜನವಿಲ್ಲದ ಊರು.

ಗಂಗೊಳ್ಳಿಯವನು ನಾನು. ಅಲೆಯನ್ನು ಅಂಗಾಲಿನಲ್ಲಿ ಓದಬಲ್ಲೆ.
ಈ ರತ್ನಗಂಬಳಿಯ ಮೇಲೆ ಒಂದಕ್ಷರ ತಿಳಿಯಲಿಲ್ಲ.

ಅಪ್ಪನ ದೋಣಿಗೆ ಒಂದು ನಾಯಿಯಿತ್ತು, ದಡದ ತನಕ ಮಾತ್ರ.
ನೀರು ಎದೆಗೆ ಬಂದಲ್ಲಿ ನಿಂತು
ದೋಣಿ ಚುಕ್ಕಿಯಾಗುವವರೆಗೆ ಬೊಗಳುವುದು.
ಸಂಜೆ, ಇಳಿದವರ ಮೊಣಕಾಲು ಒಂದೊಂದೇ ಮೂಸಿ
ಎಣಿಸಿಕೊಂಡು ಮನೆಗೆ ಹೋಗುವುದು.
ಒಂದು ಸಂಜೆ ಎಲ್ಲರನ್ನೂ ಮೂಸಿ ಮುಗಿಸಿ
ಮತ್ತೆ ನೀರಿನತ್ತ ನಡೆಯಿತು.
ಯಾರೂ ಅದನ್ನು ಕರೆಯಲಿಲ್ಲ.

ಬಲೂಚಿ ಖಲಾಸಿ ಶಾಹ್‌ದಾದ್ ಬಾಗಿಲಲ್ಲಿ ನಿಂತು
ಬೆರಳು ಮಡಿಸಿದ: ಬಾ, ಹತ್ತೇ ನಿಮಿಷ.
ಕೆಳಗೆ ಡೀಸೆಲ್ಲು, ಈರುಳ್ಳಿ, ಸೆಕೆ.
ಇಲ್ಲಿ ಕಡಲು ತಗಡಿನಾಚೆ ಗುದ್ದುತ್ತಿತ್ತು,
ಒಂದೊಂದು ಗುದ್ದಿಗೂ ಮಜ್ಜಿಗೆಯ ಕಿವಿ ನೆಟ್ಟಗಾಗುತ್ತಿತ್ತು.
ಮರಳಿನಲ್ಲಿ ಹುಟ್ಟಿದ್ದು. ಗೋಡೆಯ ಆಚೆಯ ಪ್ರಾಣಿ ಯಾವುದೆಂದು ಅದಕ್ಕೇನು ಗೊತ್ತು?
ಸರಳಿನೊಳಗೆ ಬೆರಳು ತೂರಿಸಿದೆ.
"ಹೆದ್ರ್‌ಬೇಡ ಮರಾಯಾ, ಕಡ್ಲ್ ಅದ್. ಎಂತದೂ ಆತಿಲ್ಲೆ."
ಮೂಗು ತಣ್ಣಗಿತ್ತು.
"ಯಾವ ಭಾಷೆ?" ಕೇಳಿದ ಶಾಹ್‌ದಾದ್.
ಮನೆಯದು, ಅಂದೆ.
"ಅದಕ್ಕೆ ತಿಳಿಯುತ್ತದಾ?"
ರೂಮಿನಲ್ಲಿ ಒಬ್ಬನಿಗೆ ಅರ್ಧ ತಿಳಿಯುತ್ತದೆ.
ಇದಕ್ಕೆ ಪೂರ್ತಿ.
ಅವನು ನಗದೆ ತಲೆಯಾಡಿಸಿ
ತನ್ನ ಭಾಷೆಯಲ್ಲೂ ಅದಕ್ಕೊಂದು ಮಾತು ಹೇಳಿದ.
ಹತ್ತು ನಿಮಿಷ ಅರ್ಧ ಗಂಟೆಯಾಯಿತು.

ಖಸಬ್. ಒಂದು ಹುಲ್ಲುಕಡ್ಡಿಯೂ ಇಲ್ಲದ ಬೆಟ್ಟಗಳು
ನೀರಿಗೆ ನೇರ ಇಳಿದಿದ್ದವು.
ಆಚೆ ದಡದಿಂದ ಬಂದ ಸಣ್ಣ ದೋಣಿಯೊಂದರಿಂದ
ಆಡುಗಳು, ಬೈಯಿಸಿಕೊಳ್ಳುತ್ತ, ಇಳಿಯುತ್ತಿದ್ದವು.
ಮಜ್ಜಿಗೆ ಅವನ್ನು ನೋಡಲಿಲ್ಲ.
ಮೊದಲ ದೀಪದ ಕಂಬಕ್ಕೆ ಕಾಲೆತ್ತಿ,
ಆರು ಗಂಟೆಯದನ್ನೆಲ್ಲ ಕೊಟ್ಟು,
ಬಂದು ನನ್ನ ಮೊಣಕಾಲು ಮೂಸಿತು.
ಆಮೇಲೆ ಹಗ್ಗ ಎಳೆದುಕೊಂಡು
ಹಡಗಿನ ತೆರೆದ ಬಾಯಿಗೆ ಎದುರಾಗಿ ಕೂತಿತು.

ಕಾರುಗಳು ಇಳಿದವು. ಈರುಳ್ಳಿ ಲಾರಿ ಇಳಿಯಿತು.
ಡಬ್ಬಿಯ ಐಸು ಕರಗಿ ನನ್ನ ಚಪ್ಪಲಿಯ ಮೇಲೆ ತೊಟ್ಟಿಕ್ಕುತ್ತಿತ್ತು.
ಬಾ ಮಜ್ಜಿಗೆ, ಅಂದೆ.
ಇಷ್ಟೇ ಜನ.