ಹತ್ತು ನಲವತ್ತು, ನಲ್ಲಿಯ ಹತ್ತಿರ

ಬೆಳಗ್ಗೆ ಏಳೂಕಾಲಕ್ಕೆ ಗೇಟು ನನ್ನದು.
ಹ್ಯಾನೋವರ್ ಪಾರ್ಕಿನ ಗಾಳಿ ಮರಳು ತಂದು
ಹಲ್ಲಿನ ಸಂದಿಯಲ್ಲಿ ಇಟ್ಟು ಹೋಗುತ್ತದೆ.
ಕೈಯಲ್ಲಿ ಬ್ಯಾಟರಿ ಹಾಕಿದ ಕಪ್ಪು ಕೋಲು,
ಕಬ್ಬಿಣ ಕಂಡರೆ ಕುಂಯ್ ಅನ್ನುತ್ತದೆ.

ಒಂಬತ್ತು ವರ್ಷದಲ್ಲಿ ಅದು ಹಿಡಿದುಕೊಟ್ಟದ್ದು
ಬೀಗದ ಕೈ, ಬೆಲ್ಟಿನ ಕೊಂಡಿ, ಯಾರದೋ ಅಜ್ಜಿಯ ಚಮಚ,
ನೆಲಕ್ಕೆ ಉಜ್ಜಿ ಉಜ್ಜಿ ಚೂಪು ಮಾಡಿದ ಸ್ಕ್ರೂಡ್ರೈವರು ನಾಲ್ಕು.
ಒಮ್ಮೆ ಒಂದನೇ ಕ್ಲಾಸಿನ ಹುಡುಗಿಯ ಜೇಬಲ್ಲಿ
ಖಾಲಿ ತೋಟಾ. ಎಲ್ಲಿ ಸಿಕ್ತಮ್ಮಾ ಅಂದರೆ
‘ಹೊಳೀತಿತ್ತು’ ಅಂದಳು.

ಹೋದ ಜನವರಿಯಲ್ಲಿ ಬಂದಳು ಮಿಸ್ ಫೆಬ್ರುವಾರಿ.
ನಗಬೇಡಿ, ನಮ್ಮಲ್ಲಿ ಅಂಥ ಮನೆತನಗಳಿವೆ,
ಹಡಗಿನಿಂದ ಇಳಿಸಿದ ತಿಂಗಳನ್ನೇ ಹೆಸರು ಮಾಡಿ
ಮಾರಿಬಿಟ್ಟಿದ್ದರಂತೆ ಮುತ್ತಜ್ಜಂದಿರನ್ನು.
ಗುರುವಾರ ಮೂರನೇ ಪಿರಿಯಡ್ಡು, ಹಾಲಿನಲ್ಲಿ
ಕುರ್ಚಿಗಳನ್ನು ದುಂಡಗೆ ಹಾಕಿಸುತ್ತಾಳೆ.
‘ಸಿಟ್ಟು ಮೈಯಲ್ಲಿ ಎಲ್ಲಿಂದ ಏಳುತ್ತೆ? ಮುಟ್ಟಿ ತೋರಿಸಿ.’
ಒಬ್ಬ ಹೊಟ್ಟೆ ಮುಟ್ಟಿದ. ಒಬ್ಬಳು ಕಿವಿ.
ಒಬ್ಬ ಕೈಕಟ್ಟಿ ಕೂತೇ ಇದ್ದ:
‘ನನಗೆ ಬರಲ್ಲ ಮಿಸ್. ಅದು ನಮ್ಮಪ್ಪಂದು.’

ಕಿಟಕಿಯಾಚೆ ನಿಂತು ನಾನು ಮನಸ್ಸಲ್ಲೇ ನಕ್ಕಿದ್ದೆ.
ಮನೆಗೆ ಬೆಂಕಿ ಬಿದ್ದಾಗ
ಬೆಂಕಿಗೆ ನಾಮಕರಣ ಮಾಡುವವಳು ಇವಳು!
‘ಒಂದು ಉಸಿರು ಒಳಗೆ. ಆಮೇಲೆ ವಾಕ್ಯ.
“ನೀನು” ಅಂತ ಶುರು ಮಾಡಬಾರದು,
“ನಾನು” ಅಂತ ಮಾಡಬೇಕು.’
ವ್ಯಾಕರಣಕ್ಕೆ ಹೆದರುವ ಚೂರಿಯನ್ನು
ನಾನಂತೂ ಕಂಡಿಲ್ಲ.

ಮೇ ತಿಂಗಳು, ಮಂಗಳವಾರ, ಹತ್ತು ನಲವತ್ತು.
ನಲ್ಲಿಯ ಹತ್ತಿರ ಸಾಲು.
ಝಾಹಿರ್ ಬೆರಳಿಟ್ಟು ನೀರು ಚಿಮ್ಮಿಸಿದ,
ಡೆಲ್ರಾಯ್ ಪ್ಯಾಂಟಿನ ಮುಂದೆಲ್ಲ ಒದ್ದೆ,
ಸಾಲಿಗೆ ಸಾಲೇ ಕೇಕೆ ಹಾಕಿತು.
ಡೆಲ್ರಾಯ್ ಯಾವ ಬೀದಿ, ಝಾಹಿರ್ ಯಾವ ಬೀದಿ ನನಗೆ ಗೊತ್ತು.
ಅವನಣ್ಣನನ್ನು ಮಾರ್ಚಿನಲ್ಲಿ ಮಣ್ಣು ಮಾಡಿದ್ದೆವು.
ನಾನು ನಲವತ್ತು ಹೆಜ್ಜೆ ದೂರ, ಮಂಡಿ ಕೆಟ್ಟಿದೆ,
ಓಡಿದೆ ಅಂತ ಹೇಳಲಾರೆ.

ಮುಷ್ಟಿ ಮೇಲೆದ್ದಿತು.
ಎದ್ದದ್ದು ಅಲ್ಲೇ ಇತ್ತು,
ಅಟ್ಟದ ಮೇಲೆ ಎತ್ತಿಟ್ಟು ಮರೆತ ಪಾತ್ರೆಯ ಹಾಗೆ.
ತುಟಿ ಅಲುಗುತ್ತಿತ್ತು.
‘ನಾನು’ ಅಂದ.
ಮುಂದಿನ ಮಾತು ಸಿಗಲಿಲ್ಲ, ಹುಡುಕಿದ,
ಮರಳಲ್ಲಿ ಚಿಲ್ಲರೆ ಹುಡುಕುವವನಂತೆ.
‘ನಾನು... ನಂಗೆ ಕುತ್ತಿಗೆ ತನಕ ಬಂದಿದೆ.’

ಮತ್ತೆ ನಗು. ಝಾಹಿರ್ ಮಾತ್ರ ನಗಲಿಲ್ಲ.
ಸ್ವೆಟರು ಕಳಚಿ ಎಸೆದ,
ನಿಜ ಹೇಳಬೇಕೆಂದರೆ ಮುಖಕ್ಕೇ ಎಸೆದ.
‘ಸೊಂಟಕ್ಕೆ ಕಟ್ಕೊಳ್ಳೋ ಮಂಗ.’
ಗಂಟೆ ಹೊಡೆಯಿತು.

ಘಟನೆಗಳ ರಿಜಿಸ್ಟರಿನಲ್ಲಿ ಐದು ಕಾಲಂ:
ವೇಳೆ, ಜಾಗ, ಆಯುಧ, ಗಾಯ, ವಿವರ.
ವೇಳೆ ಬರೆದೆ. ನಲ್ಲಿ ಅಂತ ಬರೆದೆ.
ಆಯುಧಕ್ಕೆ ಗೀಟು, ಗಾಯಕ್ಕೆ ಗೀಟು.
ವಿವರ: ಏನೂ ಆಗಲಿಲ್ಲ.
ಹೆಡ್ಮಾಸ್ತರು ಯಾನ್ಕೀಸ್ ಕನ್ನಡಕ ಏರಿಸಿ
‘ಆಗದ್ದನ್ನು ಯಾಕಪ್ಪಾ ಬರೀತೀಯ, ಇಗ್ಸಾನ್?
ಕಾಗದ ದಂಡ.’
ಇರಲಿ ಬಿಡಿ ಸರ್, ಶಾಯಿ ನನ್ನದು ಅಂದೆ.

ಆಗಸ್ಟಿನಲ್ಲಿ ಕೋಲು ಮತ್ತೆ ಕುಂಯ್ ಅಂದಿತು.
ಬೇರೆ ಹುಡುಗ, ಅದೇ ಕುರ್ಚಿಗಳ ವೃತ್ತದಲ್ಲಿ ಕೂತವನೇ.
ಪೊಲೀಸರು ಬಂದರು. ಮಿಸ್ ಫೆಬ್ರುವಾರಿ
ಹಾಲಿನಲ್ಲಿ ಒಬ್ಬಳೇ ಕುರ್ಚಿ ಒಂದರ ಮೇಲೊಂದು ಇಡುತ್ತಿದ್ದಳು,
ನಾನೂ ಹೋಗಿ ನಾಲ್ಕು ಎತ್ತಿಟ್ಟೆ. ಮಾತಾಡಲಿಲ್ಲ.
ಡೆಲ್ರಾಯ್ ಇನ್ನೂ ಆ ಸ್ವೆಟರನ್ನು ವಾಪಸು ಕೊಟ್ಟಿಲ್ಲ.
ತೋಳು ಗಿಡ್ಡ, ಆದರೂ ಹಾಕುತ್ತಾನೆ.

ನನಗೊಬ್ಬ ತಮ್ಮನಿದ್ದಾನೆ, ಗಸಾಂತ್.
ಅಮ್ಮನ ಹೊಲಿಗೆ ಮಿಶಿನ್ನಿನ ಮೇಲೆ ಜಗಳ,
ಹನ್ನೊಂದು ವರ್ಷ. ಕೋಪದಲ್ಲಿ ಕೊಯ್ದ ಮೂಗು.
ನಿನ್ನೆ ರಾತ್ರಿ ನಂಬರು ಒತ್ತಿದೆ.
ಒಂದು ಉಸಿರು ಒಳಗೆ.
‘ಯಾರು?’ ಅಂದ.
‘ನಾನು’ ಅಂದೆ.
ವಾಕ್ಯ ಅಲ್ಲೇ ನಿಂತಿತು.
ಆ ಕಡೆ ಟಿ.ವಿ. ಸದ್ದು ಒಂಚೂರು ಕಡಿಮೆಯಾಯಿತು.