ಸುಣ್ಣದ ಗೆರೆ

ಹಾಲೇಶಪ್ಪ ಸರ್ ಪಟ್ಟಿ ಅಂಟಿಸುವುದು ಒಂಬತ್ತಕ್ಕೆ.
ನನ್ನದು ಆರೂವರೆಗೇ ಸಿದ್ಧ.
ಮೈದಾನಕ್ಕೆ ಸುಣ್ಣ ಹಾಕುವವನು, ದಿನಗೂಲಿ, ಹೆಸರು ಪರಸಪ್ಪ,
ಸಾಫ್ಟ್‌ಬಾಲ್ ಎಂಬುದನ್ನು ನಲವತ್ತು ದಾಟಿದ ಮೇಲೆ ಕಂಡೆ.
ಬ್ಯಾಟು ಹಿಡಿದಿಲ್ಲ. ಚೆಂಡು ಹೆಕ್ಕಿದ್ದೇನೆ,
ಜಾಲಿಮುಳ್ಳಿನಿಂದ, ಚರಂಡಿಯಿಂದ,
ಒಮ್ಮೆ ಪಿ.ಜೆ. ಬಡಾವಣೆಯ ಯಾರದೋ ಮನೆಯ ಸಂಪಿನಿಂದ.

ಸಂಜೆ ಹುಡುಗಿಯರು ಸಿಟಿ ಬಸ್ಸಿಗೆ ಓಡಿದ ಮೇಲೆ,
ನೀರು ಹೊಡೆಯುವ ಮೊದಲು,
ಎರೆಮಣ್ಣಿನ ಮೇಲೆ ಒಂದು ಸುತ್ತು ಬರುತ್ತೇನೆ
ಹೆಜ್ಜೆ ಓದಿಕೊಂಡು.

ಪಿಚರ್ ತಬಸ್ಸುಮ್. ಇದಕ್ಕೆ ಶಾಸ್ತ್ರ ಬೇಕಿಲ್ಲ.
ಮಂಡಕ್ಕಿ ಭಟ್ಟಿಯ ಮಗಳು,
ಕಾದ ಮರಳು ತಿರುವಿ ತಿರುವಿ ಪಳಗಿದ ಮಣಿಕಟ್ಟು;
ಅವಳ ಬಲಗಾಲ ಬೂಟಿನ ತುದಿ ಎಳೆದ ಗೀರು
ದಿನವೂ ಒಂದೇ ಉದ್ದ, ಗೇಣು ಹಾಕಿ ನೋಡಿದ್ದೇನೆ.
ಕ್ಯಾಚರ್ ಸೀತಾಬಾಯಿ, ನ್ಯಾಮತಿ ಕಡೆಯ ತಾಂಡಾದವಳು,
ಕುಕ್ಕರುಗಾಲಲ್ಲಿ ಎರಡು ತಾಸು ಕೂತರೂ ಹಿಮ್ಮಡಿ ಊರುವುದಿಲ್ಲ.
ಒಂದನೇ ಬೇಸು ಉದ್ದನೆಯ ಮೇಘಶ್ರೀ.
ಎರಡನೆಯದು ಹಾಲಮ್ಮ, ಮಾತು ಜಾಸ್ತಿ, ತಪ್ಪು ಕಮ್ಮಿ.
ಮೂರನೇ ಬೇಸು ಶಿವಲೀಲಾ. ಮೂರು ವರ್ಷದಿಂದ ಅವಳೇ.
ಆ ಕಡೆ ನಾನು ನೋಡುವುದೂ ಇಲ್ಲ.
ಔಟ್‌ಫೀಲ್ಡಿಗೆ ‘ಯಾರಾದರೂ ಮೂವರು’ ಎಂದು ಬರೆದು,
ಆಮೇಲೆ ನಾಚಿಕೆಯಾಗಿ, ಅಳಿಸಿ ಹೆಸರು ತುಂಬಿದೆ.

ಪೈಪೋಟಿ ಇರುವುದು ಶಾರ್ಟ್‌ಸ್ಟಾಪಿಗೆ.
ಎರಡಕ್ಕೂ ಮೂರಕ್ಕೂ ನಡುವೆ; ಬೇಸಿಲ್ಲ, ಗೆರೆಯಿಲ್ಲ,
ನನ್ನ ಸುಣ್ಣಕ್ಕೆ ಅಲ್ಲಿ ಕೆಲಸವೇ ಇಲ್ಲ.
ನಿಂತವಳೇ ಆ ಜಾಗದ ಗುರುತು.
ಕೊಟ್ರಮ್ಮನೋ, ಹರಿಹರದಿಂದ ರೈಲಲ್ಲಿ ಬರುವ ಪ್ರೇರಣಾಳೋ?
ಕ್ಯಾಂಟೀನಿನ ಮಾರುದ್ರಪ್ಪ ಒಂದು ಪ್ಲೇಟು ಮಿರ್ಚಿ ಪಂಥ ಕಟ್ಟಿದ:
“ಕೊಟ್ರಮ್ಮನೇ. ಆಕಿದು ಬೆಕ್ಕಿನ ಕೈ ಕಣಪ್ಪ.”
ಕೈ ಬಿಡು ಮಾರಾಯ, ಕಾಲು ನೋಡು, ಅಂದೆ.
ಕೊಟ್ರಮ್ಮನ ಹಿಮ್ಮಡಿ ಒತ್ತಿದೆ: ಚೆಂಡು ಬರಲಿ ಎಂದು ಕಾಯುವವಳು.
ಪ್ರೇರಣಾಳ ತುದಿಗಾಲು ಆಳ: ಚೆಂಡಿಗಿಂತ ಮೊದಲೇ ಹೊರಟವಳು.
ಬೀಡಿ ಕಟ್ಟಿನ ಕಾಗದದಲ್ಲಿ ಪ್ರೇರಣಾ ಎಂದು ಬರೆದು
ಅಡಿಗೆರೆ ಎಳೆದೆ.

ಪಂದ್ಯದ ಬೆಳಿಗ್ಗೆ. ದುರ್ಗದವರ ಬಸ್ಸು ಇನ್ನೂ ಬಂದಿಲ್ಲ.
ಮೂರನೇ ಬೇಸಿನ ಬಳಿ ಬಕೆಟ್ಟು ಇಳಿಸಿದವನು
ಹಾಗೇ ನಿಂತುಬಿಟ್ಟೆ.
ನಿನ್ನೆ ನಾನು ನೀರು ಹೊಡೆದು ಹೋದ ಮೇಲೆ
ಹಸಿಮಣ್ಣಲ್ಲಿ ಯಾರೋ ನಿಂತಿದ್ದಾರೆ,
ಹಿಮ್ಮಡಿ ಒತ್ತಿ, ನೂರು ಸಲ, ಅದೇ ಜಾಗ.
ತುಸು ದೂರದಲ್ಲಿ ಸರ್ ಚಪ್ಪಲಿಯ ಅಚ್ಚು.
ಅಲ್ಲಿಗೆ ಚೆಂಡು ಬರುವುದು ಕವಣೆ ಕಲ್ಲಿನ ಹಾಗೆ;
ಹೊರಡಲು ಹೊತ್ತಿಲ್ಲ, ಊರಿಕೊಂಡೇ ನಿಲ್ಲಬೇಕು.
ಇಷ್ಟು ದಿನ ಓದಿದ ಅಕ್ಷರವನ್ನೇ
ಬೇರೆ ಸಾಲಿನಲ್ಲಿಟ್ಟು ಓದಲು
ನನಗೆ ಹೊಳೆದಿರಲಿಲ್ಲ.

ಒಂಬತ್ತಕ್ಕೆ ಪಟ್ಟಿ. ಶಾರ್ಟ್‌ಸ್ಟಾಪ್ ಪ್ರೇರಣಾ.
ಮಾರುದ್ರಪ್ಪ ಮುಖ ಗಂಟಿಕ್ಕಿ ಮಿರ್ಚಿ ಕಟ್ಟಿಕೊಟ್ಟ.
ಮೂರನೇ ಬೇಸು ಕೊಟ್ರಮ್ಮ.
ಶಿವಲೀಲಾ ಮೇಲಿಂದ ಕೆಳಗೆ ಓದಿದಳು,
ಮತ್ತೆ ಕೆಳಗಿಂದ ಮೇಲೆ.
ನಾವೆಲ್ಲ ಇಬ್ಬರ ಪೈಪೋಟಿ ನೋಡುತ್ತಿದ್ದೆವು,
ಅವಳೂ ನಮ್ಮ ಜೊತೆ ನಿಂತು ನೋಡಿದ್ದಳು.

ನೇರ ನನ್ನ ಹತ್ತಿರ ಬಂದಳು. ಅಳಲಿಲ್ಲ.
“ಪರಸಣ್ಣ, ನಿನ್ನ ಚೀಟ್ಯಾಗೆ ನಾನಿದ್ನಾ?”
ಇದ್ದೆ ಕಣವ್ವ.
“ತೋರ್ಸು.”
ತೋರಿಸಿದೆ. ಮಡಿಚಿ ಗ್ಲೌಸಿನೊಳಗೆ ಇಟ್ಟುಕೊಂಡು
ಬೆಂಚಿನ ತುದಿಗೆ ಹೋಗಿ ಕೂತಳು.
ಮೊದಲ ಚೆಂಡು ಏಳುವ ಮುಂಚೆಯೇ ಅವಳ ಕೂಗು:
“ಕೊಟ್ರೀ, ಗೆರಿ ಬಿಡಬ್ಯಾಡ! ಗೆರಿ ಹತ್ರ ನಿಲ್ಲು!”

ಮಿರ್ಚಿ ಆರಿತ್ತು.
ಆ ಗೆರೆ ಅವತ್ತು, ಯಾರೂ ಗಮನಿಸಲಿಲ್ಲ,
ಎರಡು ಬೆರಳು ಸೊಟ್ಟ.